ಡ್ರಮ್ ಕೋರ್ ಫೈನಲ್‌ಗೆ 12 ತಂಡ ಸಾಕು, 12 ಬೇಕು ಕೂಡ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಡ್ರಮ್ ಕೋರ್ ಸ್ಪರ್ಧೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಲೇಖನ ಬಂದಿದ್ದು ನೋಡಿ ತುಂಬ ಖುಷಿಯಾಯಿತು. ಈ ವಿಷಯಕ್ಕೆ ಕನ್ನಡದಲ್ಲಿ ಬರೆಯುವವರೇ ಕಮ್ಮಿ. ಆದರೆ ಅದರ ಮೇಲೆ ಬಂದ ಎರಡು ಓದುಗರ ಪತ್ರಗಳನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ. ಫೈನಲ್‌ಗೆ 12 ತಂಡ ಮಾತ್ರ ಯಾಕೆ, ಸೆಮಿಫೈನಲ್ ಆಡಿದ 25 ತಂಡಗಳನ್ನೂ ಫೈನಲ್ ಒಳಗೆ ಬಿಡಿ, ಮಕ್ಕಳಿಗೆ ಯಾಕೆ ಬೇಜಾರು ಮಾಡಬೇಕು ಅಂತ ಒಬ್ಬರು ಕೇಳಿದ್ದಾರೆ. ಇನ್ನೊಬ್ಬರದ್ದು ಪೂರ್ತಿ ಉಲ್ಟಾ. ಈಗ ತಂಡಗಳೇ ಕಮ್ಮಿಯಾಗಿವೆ, ಹಾಗಾಗಿ ಫೈನಲ್ ಅನ್ನು 8ಕ್ಕೆ ಇಳಿಸಿ, ಆಗ ಅದಕ್ಕೊಂದು ತೂಕ ಬರುತ್ತದೆ ಅಂತ ಅವರ ವಾದ. ಇಬ್ಬರೂ ಕಾಳಜಿಯಿಂದಲೇ ಬರೆದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೂ ಇಬ್ಬರ ಮಾತೂ ನನಗೆ ಒಪ್ಪಿಗೆ ಇಲ್ಲ. 12 ಅನ್ನೋದನ್ನು ಮುಟ್ಟಬಾರದು. ಯಾಕೆ ಅಂತ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕು, ಕೊಡ್ತೀರಿ ಅಂದುಕೊಂಡಿದ್ದೇನೆ.

ಲೇಖನ ಓದದೇ ಇದ್ದವರಿಗೆ ಎರಡು ಮಾತು. ಡ್ರಮ್ ಕೋರ್ ಅಂದರೆ ತುತ್ತೂರಿ ಜಾತಿಯ ಹಿತ್ತಾಳೆ ವಾದ್ಯ, ಡ್ರಮ್ಮು, ಜೊತೆಗೆ ಬಾವುಟ ಮತ್ತು ಮರದ ರೈಫಲ್ ತಿರುಗಿಸುತ್ತಾ ಕುಣಿಯುವ ಕಲರ್ ಗಾರ್ಡ್. ಕೊಳಲು, ಕ್ಲಾರಿನೆಟ್ ಇರುವುದಿಲ್ಲ. ಒಂದು ದೊಡ್ಡ ತಂಡದಲ್ಲಿ ನೂರೈವತ್ತು ಜನಕ್ಕೂ ಜಾಸ್ತಿ ಇರುತ್ತಾರೆ. ಎಲ್ಲರೂ ಹುಡುಗರು, ಹುಡುಗಿಯರು. ವಯಸ್ಸು 22 ದಾಟಿದರೆ ಮುಗಿಯಿತು, ಮತ್ತೆ ಅವಕಾಶ ಇಲ್ಲ. ಬೇಸಿಗೆ ಪೂರ್ತಿ ಬಸ್ಸಿನಲ್ಲಿ ಊರೂರು ಸುತ್ತುತ್ತಾರೆ, ಶಾಲೆಗಳ ಜಿಮ್ ನೆಲದ ಮೇಲೆ ಮಲಗುತ್ತಾರೆ, ಬಿಸಿಲಲ್ಲಿ ದಿನವಿಡೀ ಅಭ್ಯಾಸ ಮಾಡಿ ಸಂಜೆ ಪ್ರದರ್ಶನ ಕೊಡುತ್ತಾರೆ. ಇಷ್ಟೆಲ್ಲಾ ಹತ್ತು ಹನ್ನೆರಡು ನಿಮಿಷದ ಒಂದೇ ಒಂದು ಪ್ರದರ್ಶನಕ್ಕೋಸ್ಕರ. ಆಗಸ್ಟ್‌ನಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ, ನಡೆಸುವ ಚಾಂಪಿಯನ್‌ಶಿಪ್ ಬರುತ್ತದೆ. 2009ರಿಂದ ಅದು ಇಂಡಿಯಾನಾಪೊಲಿಸ್‌ನ ಲ್ಯೂಕಾಸ್ ಆಯಿಲ್ ಸ್ಟೇಡಿಯಂನಲ್ಲಿ ನಡೆಯುತ್ತಾ ಬಂದಿದೆ. ಗುರುವಾರ ಪ್ರಿಲಿಮ್ಸ್, ಅದರಲ್ಲಿ ಮೊದಲ 25 ತಂಡ ಶುಕ್ರವಾರದ ಸೆಮಿಫೈನಲ್‌ಗೆ, ಅಲ್ಲಿಂದ 12 ತಂಡ ಶನಿವಾರದ ಫೈನಲ್‌ಗೆ. ಹಿಂದಿನ ದಿನದ ಅಂಕ ಮುಂದಿನ ದಿನಕ್ಕೆ ಬರುವುದಿಲ್ಲ. ಪ್ರತಿ ರಾತ್ರಿ ಹೊಸ ಲೆಕ್ಕ.

ಈ 12 ಹೊಸದಾಗಿ ಯಾರೋ ಆಫೀಸಿನಲ್ಲಿ ಕೂತು ಬರೆದ ಸಂಖ್ಯೆಯಲ್ಲ. 1970ರ ದಶಕಕ್ಕೆ ಮುಂಚೆ ಈ ಸ್ಪರ್ಧೆಗಳನ್ನು ನಡೆಸುತ್ತಿದ್ದವರು ಮಾಜಿ ಸೈನಿಕರ ಸಂಘಗಳು, ಅಮೆರಿಕನ್ ಲೀಜನ್ ಮತ್ತು ವಿಎಫ್‌ಡಬ್ಲ್ಯೂ. ನಿಯಮ ಅವರದ್ದು, ತೀರ್ಪು ಅವರದ್ದು. ಕುಣಿಯುವ, ಬಾರಿಸುವ ತಂಡಗಳಿಗೆ ಅಲ್ಲಿ ಮಾತೇ ಇರಲಿಲ್ಲ. ಅದು ಸಾಕಾಗಿ ಕ್ಯಾವಲಿಯರ್ಸ್ ತಂಡದ ಡಾನ್ ವಾರೆನ್, ಟ್ರೂಪರ್ಸ್ ತಂಡದ ಜಿಮ್ ಜೋನ್ಸ್ ಥರದವರು ಸೇರಿ ತಮ್ಮದೇ ಒಕ್ಕೂಟ ಕಟ್ಟಿದರು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಡಿಸಿಐ ಚಾಂಪಿಯನ್‌ಶಿಪ್ ಆಯಿತು, ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದರು. ಅವತ್ತಿನಿಂದ 12ನೇ ಸ್ಥಾನದ ಕೆಳಗೆ ಎಳೆದ ಆ ಗೆರೆ ಹಾಗೇ ಇದೆ. ಪ್ರಿಲಿಮ್ಸ್, ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಎಲ್ಲವನ್ನೂ ಅದಲು ಬದಲು ಮಾಡಿದ್ದಾರೆ, ಒಂದು ಕಾಲದಲ್ಲಿ ಸೆಮಿಗೆ 17 ತಂಡ ಬರುತ್ತಿದ್ದವು, ಈಗ 25. ಬ್ಯೂಗಲ್ ಹೋಗಿ ಬೇರೆ ಶ್ರುತಿಯ ವಾದ್ಯ ಬಂತು, ಮೈಕ್ ಬಂತು, ಸಿಂಥಸೈಜರ್ ಬಂತು. ಫೈನಲ್‌ನ ಗೆರೆ ಮಾತ್ರ ಹೋಗಲಿಲ್ಲ.

ಹಳೆಯದು ಅನ್ನೋ ಒಂದೇ ಕಾರಣಕ್ಕೆ ಉಳಿಸಿ ಅಂತ ನಾನು ಹೇಳುತ್ತಿಲ್ಲ. ಆ ಗೆರೆ ಏನು ಕೆಲಸ ಮಾಡುತ್ತಿದೆ ಅಂತ ನೋಡಿ.

ಮೊದಲ ಸ್ಥಾನದ ಕಥೆ ಎಲ್ಲರಿಗೂ ಗೊತ್ತು. ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನ ಬ್ಲೂ ಡೆವಿಲ್ಸ್ ತಂಡ 1976ರಿಂದ 2023ರ ತನಕ 21 ಸಲ ಗೆದ್ದಿದೆ. 2014ರಲ್ಲಿ ಅವರು ಪಡೆದ 99.65 ಇವತ್ತಿಗೂ ಅತಿ ದೊಡ್ಡ ಅಂಕ. ಇಂಥವರ ಜೊತೆ ಒಂದೇ ಮೈದಾನಕ್ಕೆ ಇಳಿಯುವ ಹದಿನೈದು ಇಪ್ಪತ್ತು ತಂಡಗಳಿಗೆ ಮೊದಲ ಸ್ಥಾನ ಈ ವರ್ಷದ ಮಾತಲ್ಲ, ಮುಂದಿನ ವರ್ಷದ್ದೂ ಅಲ್ಲ. ಅದು ಅವರಿಗೂ ಗೊತ್ತು. ಹಾಗಾದರೆ ಅವರು ಯಾವುದಕ್ಕೆ ಆಡುತ್ತಾರೆ? 12ಕ್ಕೆ. ಶನಿವಾರ ರಾತ್ರಿ ಆ ಮೈದಾನದ ಮೇಲೆ ನಿಲ್ಲುವುದಕ್ಕೆ. ಮಧ್ಯದಲ್ಲಿರುವ ತಂಡಕ್ಕೆ 12ನೇ ಸ್ಥಾನವೇ ಟ್ರೋಫಿ. ಆ ಗೆರೆಯನ್ನು 25ರ ಕೆಳಗೆ ಎಳೆದರೆ ಅವರಿಗೆ ಶನಿವಾರ ಸಿಗುತ್ತದೆ ನಿಜ, ಆದರೆ ಅದನ್ನು ಗೆದ್ದ ಹಾಗೆ ಆಗುವುದಿಲ್ಲ. ಎಲ್ಲರೂ ಪಾಸಾಗಲಿ ಅಂತ ಪಾಸ್ ಮಾರ್ಕನ್ನೇ ಇಳಿಸಿದ ಹಾಗೆ ಅದು. ಪಾಸಾದವನಿಗೂ ಖುಷಿ ಇರುವುದಿಲ್ಲ.

ಬಾಸ್ಟನ್ ಕ್ರುಸೇಡರ್ಸ್ ಅಂತ ಒಂದು ತಂಡ ಇದೆ. 1940ರಲ್ಲಿ ಶುರುವಾಗಿದ್ದು. ಡಿಸಿಐ ಹುಟ್ಟುಹಾಕಿದ ತಂಡಗಳಲ್ಲಿ ಅದೂ ಒಂದು. ಆದರೆ ತಾವೇ ಸೇರಿ ಕಟ್ಟಿದ ಆ ಸ್ಪರ್ಧೆಯ ಫೈನಲ್‌ಗೆ ಮೊದಲ ಸಲ ಬರಲು ಅವರಿಗೆ 1999ರ ತನಕ ಕಾಯಬೇಕಾಯಿತು. 1972ರಿಂದ 1999, ಲೆಕ್ಕ ಹಾಕಿ ನೋಡಿ. ಆ ತಂಡದಲ್ಲಿ ಆಡಿದ ಎಷ್ಟು ಹುಡುಗರು ವಯಸ್ಸು ಮುಗಿದು ಹೊರಗೆ ಹೋದರು, ಮದುವೆಯಾದರು, ಅವರ ಮಕ್ಕಳು ಬೆಳೆದು ಅದೇ ವಯಸ್ಸಿಗೆ ಬಂದರು. ಫೈನಲ್ ಮಾತ್ರ ಸಿಗಲಿಲ್ಲ. ಸಿಕ್ಕಿದಾಗ ಅದು ಬರೀ ಆ ವರ್ಷದ ಮಕ್ಕಳಿಗೆ ಸಿಕ್ಕಿದ್ದಲ್ಲ, ಹಿಂದೆ ಆಡಿ ಹೋದವರಿಗೆಲ್ಲ ಸಿಕ್ಕಿತು. 2025ರಲ್ಲಿ ಅದೇ ಬಾಸ್ಟನ್ ಮೊದಲ ಸಲ ಚಾಂಪಿಯನ್ ಆಯಿತು. 1999ರಲ್ಲಿ ಗೆರೆ ದಾಟಿದ್ದಕ್ಕೆ ಬೆಲೆ ಇದ್ದಿದ್ದರಿಂದಲೇ ಆ ತಂಡಕ್ಕೆ ಒಂದು ಧೈರ್ಯ ಬಂತು ಅಂತ ನನ್ನ ನಂಬಿಕೆ. ಫೈನಲ್‌ಗೆ 25 ತಂಡ ಬಿಡುವ ಹಾಗಿದ್ದರೆ ಆ 1999 ಯಾರಿಗೂ ನೆನಪಿರುತ್ತಿರಲಿಲ್ಲ.

ಅದೇ ಬಾಸ್ಟನ್ ಕಥೆ 8 ತಂಡ ಸಾಕು ಅನ್ನುವವರಿಗೂ ಉತ್ತರ ಕೊಡುತ್ತದೆ. 2016ರಲ್ಲಿ ಬಾಸ್ಟನ್ ಫೈನಲ್‌ನಲ್ಲಿ ಎಷ್ಟನೇ ಸ್ಥಾನ ಗೊತ್ತಾ? 12. ಕೊನೆಯದು. 8ರ ನಿಯಮ ಇದ್ದಿದ್ದರೆ ಮನೆಗೆ, 10ರ ನಿಯಮ ಇದ್ದಿದ್ದರೂ ಮನೆಗೆ. ಮುಂದಿನ ವರ್ಷವೇ ಅವರು 6ನೇ ಸ್ಥಾನಕ್ಕೆ ಹಾರಿದರು. ಫೈನಲ್‌ಗೆ ಬರದ ತಂಡವೂ ಹಾಗೆ ಹಾರಬಹುದು ಅಂತ ನೀವು ಹೇಳಬಹುದು. ಹೇಳುವುದು ಸುಲಭ. ಆದರೆ ಒಳ್ಳೆಯ ಹುಡುಗರು ಆಡಿಷನ್‌ಗೆ ಯಾವ ತಂಡಕ್ಕೆ ಹೋಗುತ್ತಾರೆ? ಒಳ್ಳೆಯ ಗುರುಗಳು ಯಾವ ತಂಡಕ್ಕೆ ಕಲಿಸಲು ಒಪ್ಪುತ್ತಾರೆ? ಶನಿವಾರ ರಾತ್ರಿ ಕಾಣಿಸಿಕೊಂಡ ತಂಡಕ್ಕೆ ಅಲ್ವಾ? ಮೇಲೆ ಹತ್ತುವುದಕ್ಕೆ ಒಂದು ಮೆಟ್ಟಿಲು ಕೈಗೆ ಎಟುಕುವಷ್ಟು ಹತ್ತಿರ ಇರಬೇಕು. 8 ಅಂದರೆ ಆ ಮೆಟ್ಟಿಲನ್ನು ತೆಗೆದ ಹಾಗೆ. ಮೇಲಿದ್ದವರೇ ಮೇಲೆ ಇರುತ್ತಾರೆ.

ವಯೋಮಿಂಗ್‌ನ ಟ್ರೂಪರ್ಸ್ ನೋಡಿ. 1957ರಲ್ಲಿ ಶುರುವಾದ, ಹಳೇ ಕುದುರೆ ಸೈನಿಕರ ಥರದ ವೇಷ ಹಾಕುವ ತಂಡ. ಅದು ಜಿಮ್ ಜೋನ್ಸ್ ಅವರ ತಂಡವೇ. 1986ರ ನಂತರ ಫೈನಲ್ ತಪ್ಪಿತು. ವರ್ಷಗಟ್ಟಲೆ ತಪ್ಪಿತು. 2006ರಲ್ಲಂತೂ ತಂಡ ಮೈದಾನಕ್ಕೇ ಇಳಿಯಲಿಲ್ಲ, ಮುಗಿದೇ ಹೋಯಿತು ಅಂತ ಎಲ್ಲರೂ ಅಂದುಕೊಂಡರು. 2009ರಲ್ಲಿ ವಾಪಸ್ ಫೈನಲ್‌ಗೆ ಬಂದರು. ಸ್ಯಾಕ್ರಮೆಂಟೊದಲ್ಲಿ ಚೀನೀ ಮೂಲದ ಕುಟುಂಬಗಳು 1963ರಲ್ಲಿ ಕಟ್ಟಿದ ಮ್ಯಾಂಡರಿನ್ಸ್ ಮೊದಲ ಸಲ ಫೈನಲ್ ಮುಟ್ಟಿದ್ದು 2018ರಲ್ಲಿ. ಈ ಎಲ್ಲ ಕಥೆಗಳಿಗೂ ಎರಡು ಗುಣ ಬೇಕು. ಗೆರೆ ದಾಟುವುದು ಕಷ್ಟ ಆಗಿರಬೇಕು. ದಾಟಲು ಸಾಧ್ಯ ಅಂತಲೂ ಅನ್ನಿಸಬೇಕು. 25ರಲ್ಲಿ ಮೊದಲನೆಯದು ಹೋಗುತ್ತದೆ, 8ರಲ್ಲಿ ಎರಡನೆಯದು ಹೋಗುತ್ತದೆ.

ಈಗ ಬೇಜಾರಿನ ವಿಷಯಕ್ಕೆ ಬರೋಣ. ಮಕ್ಕಳಿಗೆ ಬೇಜಾರಾಗುತ್ತದೆ, ಇದು ನೂರಕ್ಕೆ ನೂರು ನಿಜ. ನಾನು ಇಲ್ಲಿ ಒಂದು ತಂಡದ ಅಡುಗೆ ಟ್ರಕ್ಕಿನಲ್ಲಿ ಸೇವೆಗೆ ಹೋಗುವವನು. ತಂಡಗಳ ಜೊತೆ ಒಂದು ದೊಡ್ಡ ಟ್ರೇಲರ್ ಇರುತ್ತದೆ, ಅದರೊಳಗೇ ಒಲೆ, ಫ್ರಿಜ್ಜು, ಪಾತ್ರೆ ಎಲ್ಲ. ಅಪ್ಪ ಅಮ್ಮಂದಿರು ಸೇರಿ ಇಡೀ ತಂಡಕ್ಕೆ ದಿನಕ್ಕೆ ನಾಲ್ಕು ಹೊತ್ತು ಊಟ ಹಾಕುತ್ತೇವೆ, ನಾಲ್ಕನೆಯದು ಪ್ರದರ್ಶನ ಮುಗಿದ ಮೇಲೆ, ನಡುರಾತ್ರಿ ಹತ್ತಿರ. ಒಂದು ವರ್ಷ ನಮ್ಮ ತಂಡ ಸೆಮಿಫೈನಲ್‌ನಲ್ಲಿ ಗೆರೆಯ ಕೆಳಗೆ ಉಳಿಯಿತು. ಅಂಕ ಬಂದಾಗ ಪಾರ್ಕಿಂಗ್ ಜಾಗದಲ್ಲಿ ಯಾರೂ ಕೂಗಾಡಲಿಲ್ಲ. ಮರಿಂಬಾ, ಅಂದರೆ ಸಾಲಾಗಿ ಜೋಡಿಸಿದ ಪಟ್ಟಿಗಳ ಮೇಲೆ ಕೋಲಿನಿಂದ ಬಾರಿಸುವ ವಾದ್ಯ, ಅದನ್ನು ಬಾರಿಸುವ ಒಬ್ಬ ಹುಡುಗ, ಅವನದು ಅದೇ ಕೊನೆಯ ವರ್ಷ, ಬಟ್ಟೆ ತಗೊಂಡು ಮರಿಂಬಾದ ಒಂದೊಂದೇ ಪಟ್ಟಿಯನ್ನು ಒರೆಸುತ್ತಿದ್ದ. ಚಿಕ್ಕ ಪಟ್ಟಿಯಿಂದ ಶುರು ಮಾಡಿ ದೊಡ್ಡದರ ತನಕ. ಮುಗಿದ ಮೇಲೆ ಮತ್ತೆ ಮೊದಲಿಂದ. ಟ್ರಕ್ಕಿಗೆ ಏರಿಸಬೇಕು, ಎಲ್ಲರೂ ಕಾಯುತ್ತಿದ್ದಾರೆ, ಯಾರೂ ಅವನಿಗೆ ಬೇಗ ಮಾಡು ಅನ್ನಲಿಲ್ಲ. ಆಮೇಲೆ ಅವನು ಊಟಕ್ಕೆ ಬಂದ. ತಟ್ಟೆ ಹಿಡಿದು ನಿಂತು ಹೇಳಿದ್ದು ಇಷ್ಟೇ, ಹೋದ ವರ್ಷಕ್ಕಿಂತ ನಾವು ತುಂಬ ಹತ್ತಿರ ಬಂದಿದ್ದೆವು ಅಂಕಲ್ ಅಂತ.

ಆ ರಾತ್ರಿ ನನಗೂ ಕರುಳು ಹಿಂಡಿದ ಹಾಗಾಯಿತು. ಇನ್ನೊಂದೆರಡು ತಂಡಕ್ಕೆ ಜಾಗ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅಂತ ಅನ್ನಿಸಿತು. ಅದು ಸಹಜ. ಆದರೆ ಆ ಹುಡುಗನ ಮಾತನ್ನೇ ತಿರುಗಿ ನೋಡಿ. ತುಂಬ ಹತ್ತಿರ ಬಂದಿದ್ದೆವು ಅಂದ. ಯಾವುದಕ್ಕೆ ಹತ್ತಿರ? ಒಂದು ಗಟ್ಟಿ ಗೆರೆಗೆ. ಅದನ್ನು ಅವನ ಕಾಲ ಬುಡಕ್ಕೆ ತಂದು ಹಾಕಿದರೆ ಅವನಿಗೆ ನಾವು ಏನು ಕೊಟ್ಟ ಹಾಗಾಯಿತು? ಆ ಹುಡುಗನಿಗೆ ಬೇಕಾಗಿದ್ದು ಇನ್ನೊಂದು ರಾತ್ರಿ ಬಾರಿಸುವ ಅವಕಾಶ ಮಾತ್ರ ಅಲ್ಲ, ತಾನು ದುಡಿದು ಪಡೆದ ರಾತ್ರಿ. ಅವನೂ ಅವನ ಜೊತೆಯವರೂ ಮೇ ತಿಂಗಳಿಂದ ಬಿಸಿಲಲ್ಲಿ ನಿಂತಿದ್ದು ಅದಕ್ಕೆ.

ಆಮೇಲೆ, ಗೆರೆಯನ್ನು ಎಲ್ಲಿಗೆ ಒಯ್ದರೂ ಅದರ ಆಚೆ ಯಾರೋ ಒಬ್ಬರು ನಿಂತಿರುತ್ತಾರೆ. 15 ಮಾಡಿದರೆ 16ನೇ ತಂಡ ಅಳುತ್ತದೆ. 25 ಮಾಡಿದರೆ 26ನೇ ತಂಡ. ಗುರುವಾರ ಪ್ರಿಲಿಮ್ಸ್‌ನಲ್ಲಿ ಓಪನ್ ಕ್ಲಾಸ್‌ನ ಚಿಕ್ಕ ತಂಡಗಳೂ ಆಡುತ್ತವೆ, ಅವುಗಳಲ್ಲಿ ಕೆಲವು 25ರೊಳಗೆ ಬರಲು ಜೀವ ಬಿಟ್ಟು ಆಡುತ್ತವೆ. 60, 70 ಜನರ ಒಂದು ತಂಡ ದೊಡ್ಡ ತಂಡಗಳ ಜೊತೆ ಶುಕ್ರವಾರಕ್ಕೆ ಬಂತು ಅಂದರೆ ಅದು ಅವರಿಗೆ ಫೈನಲ್ ಇದ್ದ ಹಾಗೆ. ಹೀಗೆ ಒಂದೊಂದು ತಂಡಕ್ಕೆ ಒಂದೊಂದು ಗೆರೆ ಇದೆ. ಒಬ್ಬರಿಗೆ 25, ಒಬ್ಬರಿಗೆ 12, ಇನ್ನು ಕೆಲವರಿಗೆ ಮೊದಲ ಮೂರು. ಮೂರು ರಾತ್ರಿಗೂ ಅರ್ಥ ಬರುವುದು ಇದರಿಂದಲೇ. ಶುಕ್ರವಾರ ಮತ್ತು ಶನಿವಾರ ಅದೇ 25 ತಂಡ ಅಂತಾದರೆ ಶುಕ್ರವಾರ ಯಾಕೆ ಬೇಕು? ಟಿಕೆಟ್ ಯಾರು ಕೊಳ್ಳುತ್ತಾರೆ?

ಅರ್ಧ ದಾರಿಗೆ ಬಂದು 15 ಮಾಡಿ ಅನ್ನುವವರೂ ಇದ್ದಾರೆ. ಸುತ್ತಮುತ್ತ ಕೇಳಿದರೆ ಇದೇ ಜಾಸ್ತಿ ಕೇಳಿಬರುವ ಮಾತು. ಮೂರೇ ತಂಡ, ಏನಾಗುತ್ತದೆ ಅಂತ. ಏನಾಗುತ್ತದೆ ಅಂತ ಹೇಳುತ್ತೇನೆ. ಒಂದು ತಂಡ ಒಳಗೆ ಬಂದು, ವಾದ್ಯ ಜೋಡಿಸಿ, ಆಡಿ, ಹೊರಗೆ ಹೋಗಲು ಹದಿನೈದು ನಿಮಿಷಕ್ಕೂ ಜಾಸ್ತಿ ಬೇಕು. 12 ತಂಡಕ್ಕೆ ಮೂರು ಗಂಟೆ ದಾಟುತ್ತದೆ, ಮಧ್ಯೆ ವಿರಾಮ, ಕೊನೆಗೆ ಎಲ್ಲ ತಂಡಗಳೂ ಮೈದಾನದಲ್ಲಿ ಸಾಲಾಗಿ ನಿಂತು ಅಂಕ ಕೇಳುವ ಕಾರ್ಯಕ್ರಮ. ಇನ್ನು ಮೂರು ತಂಡ ಅಂದರೆ ಹತ್ತಿರ ಹತ್ತಿರ ಒಂದು ಗಂಟೆ. ನೋಡುವವರು ಹೇಗೋ ಕೂರುತ್ತಾರೆ. ತೀರ್ಪುಗಾರರ ಕಷ್ಟ ಬೇರೆ ಥರದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಟ್ಟು 100 ಅಂಕ. ಅದರಲ್ಲಿ 40 ಜನರಲ್ ಎಫೆಕ್ಟ್, ಅಂದರೆ ಒಟ್ಟಾರೆ ಪ್ರದರ್ಶನ ನೋಡುವವರ ಮೇಲೆ ಮಾಡುವ ಪರಿಣಾಮಕ್ಕೆ. 30 ಸಂಗೀತಕ್ಕೆ, 30 ನಡೆ ಮತ್ತು ಕುಣಿತಕ್ಕೆ. ಫೈನಲ್‌ನಲ್ಲಿ ಸೆಮಿಯ 12ನೇ ಸ್ಥಾನದ ತಂಡ ಮೊದಲು ಆಡುತ್ತದೆ, ಮೊದಲ ಸ್ಥಾನದ ತಂಡ ಕೊನೆಗೆ. ಹಾಗಾಗಿ ಮೊದಲು ಬಂದ ತಂಡಕ್ಕೆ ಅಂಕ ಹಾಕುವಾಗ ತೀರ್ಪುಗಾರರು ಮುಂದೆ ಬರುವವರಿಗೆ ಜಾಗ ಉಳಿಸಿಕೊಳ್ಳಲೇಬೇಕು. ಮೇಲೆ 100ರ ಗೋಡೆ ಇದೆ, ಅದನ್ನು ದಾಟುವ ಹಾಗಿಲ್ಲ. ತಂಡಗಳು ಜಾಸ್ತಿ ಆದಷ್ಟೂ ಪಾಯಿಂಟಿನ ಚೂರುಗಳಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವುದು ಕಷ್ಟ ಆಗುತ್ತಾ ಹೋಗುತ್ತದೆ. ಈಗಲೇ ಎಷ್ಟು ಬಿಗಿ ಇದೆ ನೋಡಿ. 2008ರಲ್ಲಿ ರಾಕ್‌ಫರ್ಡ್‌ನ ಫ್ಯಾಂಟಮ್ ರೆಜಿಮೆಂಟ್ ಬ್ಲೂ ಡೆವಿಲ್ಸ್ ಅನ್ನು ಸೋಲಿಸಿದ್ದು ಬರೀ 0.025 ಅಂಕದಿಂದ. 1996, 1999, 2000, ಮೂರು ಸಲ ಮೊದಲ ಸ್ಥಾನವೇ ಟೈ ಆಗಿ ಇಬ್ಬಿಬ್ಬರು ಚಾಂಪಿಯನ್ ಆದರು. ಒಂದು ರಾತ್ರಿಯಲ್ಲಿ 12 ಪ್ರದರ್ಶನ ನೋಡಿ, ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು, ಎಂಟು ಗಂಟೆಗೆ ನೋಡಿದ್ದನ್ನು ಹನ್ನೊಂದು ಗಂಟೆಗೆ ನೋಡಿದ್ದರ ಜೊತೆ ತೂಗುವುದು ಮನುಷ್ಯರಿಂದ ಆಗುವ ಕೆಲಸದ ಕೊನೆಯ ಅಂಚಿನಲ್ಲಿದೆ ಅಂತ ನನಗನ್ನಿಸುತ್ತದೆ. ಶಾಲಾ ಬ್ಯಾಂಡ್‌ಗಳ ದೊಡ್ಡ ಸ್ಪರ್ಧೆ ಬ್ಯಾಂಡ್ಸ್ ಆಫ್ ಅಮೆರಿಕ ಕೂಡ ಇದೇ ಸ್ಟೇಡಿಯಂನಲ್ಲಿ ನವೆಂಬರ್‌ನಲ್ಲಿ ನಡೆಯುತ್ತದೆ, ಅವರೂ ಫೈನಲ್‌ಗೆ 12 ಬ್ಯಾಂಡ್ ಇಟ್ಟುಕೊಂಡಿದ್ದಾರೆ. ಒಂದು ರಾತ್ರಿಗೆ ಅಷ್ಟೇ ಹಿಡಿಸುತ್ತದೆ.

8 ಸಾಕು ಅನ್ನುವವರ ಪತ್ರಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅವರ ವಾದದಲ್ಲಿ ಒಂದು ನಿಜ ಇದೆ. 1972ರಲ್ಲಿ ದೇಶದ ತುಂಬ ನೂರಾರು ಕೋರ್‌ಗಳಿದ್ದವು. ಊರಿನ ಚರ್ಚು, ಲೀಜನ್ ಹಾಲ್, ಪೊಲೀಸ್ ಕ್ಲಬ್ಬು, ಎಲ್ಲರದ್ದೂ ಒಂದೊಂದು ತಂಡ. ಅಷ್ಟು ಜನರಲ್ಲಿ 12 ಅಂದರೆ ಬಹಳ ದೊಡ್ಡ ಮಾತು. ಈಗ ವರ್ಲ್ಡ್ ಕ್ಲಾಸ್‌ನಲ್ಲಿ, ಅಂದರೆ ದೊಡ್ಡ ತಂಡಗಳ ವಿಭಾಗದಲ್ಲಿ, ಇರುವುದೇ ಇಪ್ಪತ್ತರ ಆಸುಪಾಸು ತಂಡ. ಅದರಲ್ಲಿ 12 ಅಂದರೆ ಅರ್ಧಕ್ಕಿಂತ ಜಾಸ್ತಿ ಫೈನಲ್‌ಗೆ ಹೋದ ಹಾಗೆ. ಸರಿ, ಲೆಕ್ಕ ಒಪ್ಪಿದೆ. ಆದರೆ ಇದು ಬರೀ ತಲೆ ಎಣಿಸುವ ಲೆಕ್ಕ. ಆ ಕಾಲದಲ್ಲಿ ಒಂದು ಊರಿನ ಮಕ್ಕಳು ಆ ಊರಿನ ತಂಡ ಸೇರುತ್ತಿದ್ದರು. ಈಗ ಟೆಕ್ಸಸ್‌ನ ಹುಡುಗಿ ಅಯೋವಾದ ತಂಡಕ್ಕೆ, ಫ್ಲಾರಿಡಾದ ಹುಡುಗ ಕ್ಯಾಲಿಫೋರ್ನಿಯಾದ ತಂಡಕ್ಕೆ ಆಡಿಷನ್ ಕೊಡುತ್ತಾರೆ, ವಿಮಾನ ಹತ್ತಿ ಕ್ಯಾಂಪಿಗೆ ಹೋಗುತ್ತಾರೆ. ದೇಶದ ಒಳ್ಳೆಯ ಆಟಗಾರರೆಲ್ಲ ಈ ಇಪ್ಪತ್ತು ತಂಡಗಳಲ್ಲಿ ಸೇರಿಕೊಂಡಿದ್ದಾರೆ. ಇವತ್ತಿನ 12ನೇ ತಂಡದ ಹಿತ್ತಾಳೆ ಸಾಲು ಓಡುತ್ತಾ ನುಡಿಸುವುದನ್ನು ಹತ್ತಿರದಿಂದ ಒಮ್ಮೆ ಕೇಳಿ. ಇದು ಫೈನಲ್‌ಗೆ ಯೋಗ್ಯ ಅಲ್ಲ ಅಂತ ಹೇಳಲು ನಿಮಗೆ ಬಾಯಿ ಬರುವುದಿಲ್ಲ.

ಇನ್ನೊಂದು. ಮೇಲಿನ ಕೆಲವರಿಗೆ ಮಾತ್ರ ವೇದಿಕೆ ಕೊಡೋಣ ಅನ್ನುವ ಆಲೋಚನೆ ಹೊಸದೂ ಅಲ್ಲ. 2010ರಲ್ಲಿ ಏಳು ದೊಡ್ಡ ತಂಡಗಳು ಸೇರಿ, ಜಿ7 ಅಂತ ಹೆಸರಾಯಿತು, ಜನ ಬರುವುದು ನಮ್ಮನ್ನು ನೋಡಲು, ಹಾಗಾಗಿ ಹಣ ಮತ್ತು ಅಧಿಕಾರ ನಮ್ಮ ಕೈಗೆ ಜಾಸ್ತಿ ಬರಲಿ ಅಂತ ಡಿಸಿಐ ಮುಂದೆ ಪ್ರಸ್ತಾವ ಇಟ್ಟಿದ್ದವು. ದೊಡ್ಡ ಜಗಳವೇ ಆಯಿತು. ಕೊನೆಗೆ ಆ ತಂಡಗಳಿಗೆ ಟೂರ್ ಆಫ್ ಚಾಂಪಿಯನ್ಸ್ ಅಂತ ಕೆಲವು ಪ್ರತ್ಯೇಕ ಪ್ರದರ್ಶನ ಸಿಕ್ಕಿತು. ಆ ಏಳರಲ್ಲಿ ಕೆಡೆಟ್ಸ್ ಇತ್ತು, ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ಇತ್ತು. ಕೆಡೆಟ್ಸ್ 1934ರಲ್ಲಿ ಶುರುವಾದ ತಂಡ, ಹತ್ತು ಸಲ ಚಾಂಪಿಯನ್. 2024ರಲ್ಲಿ ಬಾಗಿಲು ಹಾಕಿಕೊಂಡಿತು. ವ್ಯಾನ್‌ಗಾರ್ಡ್ ಏಳು ಸಲದ ಚಾಂಪಿಯನ್, ದುಡ್ಡಿನ ತೊಂದರೆಯಿಂದ 2023ರಲ್ಲಿ ಒಂದು ವರ್ಷ ಪೂರ್ತಿ ಕೂತು ಬಿಟ್ಟಿತು, ಪುಣ್ಯಕ್ಕೆ ಮುಂದಿನ ವರ್ಷ ವಾಪಸ್ ಬಂತು. ಇವತ್ತು ಮೇಲಿರುವ ತಂಡ ನಾಳೆಯೂ ಇರುತ್ತದೆ ಅಂತ ಯಾರೂ ಹೇಳುವ ಹಾಗಿಲ್ಲ. ಫೈನಲ್ ಅನ್ನು 8ಕ್ಕೆ ಇಳಿಸಿ, ಕೆಳಗಿನ ತಂಡಗಳು ಆಸೆ ಬಿಟ್ಟು ಒಂದೊಂದಾಗಿ ಮುಚ್ಚಿಕೊಂಡರೆ, ಮೇಲಿನ ಜಾಗ ಖಾಲಿಯಾದಾಗ ತುಂಬಲು ಯಾರು ಉಳಿಯುತ್ತಾರೆ? ಕೆಡೆಟ್ಸ್ ಹೋದ ಮರು ವರ್ಷವೇ ಬಾಸ್ಟನ್ ಚಾಂಪಿಯನ್ ಆಯಿತು. ಒಂದು ಕಾಲಕ್ಕೆ ಗೆರೆಯ ಮೇಲೆ ಕುಂಟುತ್ತಿದ್ದ ತಂಡ ಅದು.

ಇದನ್ನು ಹೇಳುವಾಗ ಇನ್ನೊಂದು ನೆನಪಾಗುತ್ತದೆ. 2020ರಲ್ಲಿ ಕೊರೊನಾದಿಂದ ಇಡೀ ಸೀಸನ್ ರದ್ದಾಯಿತು. 2021ರಲ್ಲಿ ಪ್ರದರ್ಶನ ಇತ್ತು, ಸ್ಪರ್ಧೆ ಇರಲಿಲ್ಲ. ಅಂಕ ಇಲ್ಲ, 12 ಇಲ್ಲ, ಯಾರಿಗೂ ಬೇಜಾರಿಲ್ಲ. ಮತ್ತೆ ಮೈದಾನಕ್ಕೆ ಇಳಿದೆವಲ್ಲ ಅಂತ ಎಲ್ಲರಿಗೂ ಸಮಾಧಾನ ಆಯಿತು, ನನಗೂ ಆಯಿತು. ಆದರೆ ಹುಡುಗರು ಕೇಳುತ್ತಿದ್ದ ಪ್ರಶ್ನೆ ಒಂದೇ, ಸ್ಪರ್ಧೆ ಮತ್ತೆ ಯಾವಾಗ? ಅಂಕ ಬೇಡ ಅಂತ ಅವರು ಯಾರೂ ಹೇಳಿದ್ದು ನಾನು ಕೇಳಿಲ್ಲ. ಅವರ ಪರವಾಗಿ ನಾವು, ಹೊರಗೆ ಕೂತವರು, ಬೇಡ ಅನ್ನುತ್ತಿದ್ದೇವೆ.

ಹಾಗಂತ ಈಗ ಇರುವುದೆಲ್ಲ ಸರಿ ಇದೆ ಅಂತ ಅಲ್ಲ. 12ನೇ ತಂಡಕ್ಕೂ 13ನೇ ತಂಡಕ್ಕೂ ಮೈದಾನದಲ್ಲಿ ಇರುವ ಅಂತರ ಕೂದಲೆಳೆಯಷ್ಟು. ಅವರಿಗೆ ಸಿಗುವ ಹೆಸರು, ಗಮನ, ಹಣದಲ್ಲಿ ಇರುವ ಅಂತರ ಅದಕ್ಕೆ ತಕ್ಕ ಹಾಗೆ ಇರಬೇಕು. ಸರಿ ಮಾಡಬೇಕಾದ್ದು ಇದನ್ನು. ಒಂದು ತಂಡ ಮುಂದಿನ ವರ್ಷ ಬಸ್ಸಿಗೆ ಡೀಸೆಲ್ ಹಾಕಿಸಲು ಆಗುತ್ತದೋ ಇಲ್ಲವೋ ಅನ್ನೋದು ಶುಕ್ರವಾರ ರಾತ್ರಿಯ 0.1 ಅಂಕದ ಮೇಲೆ ನಿಲ್ಲಬಾರದು. ಸ್ಥಾನ ನೋಡಿ ಹಂಚುವ ಹಣವನ್ನು 10ರಿಂದ 16ರ ತನಕ ಮೆಲ್ಲಗೆ ಇಳಿಯುವ ಹಾಗೆ ಹಂಚಿ, ಗೆರೆಯ ಹತ್ತಿರ ಒಂದೇ ಸಲ ಪಾತಾಳಕ್ಕೆ ಬೀಳುವ ಹಾಗೆ ಮಾಡಬೇಡಿ. ಮಕ್ಕಳು ಕಟ್ಟುವ ಶುಲ್ಕವೇ ಸಾವಿರಾರು ಡಾಲರ್, ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಅಡುಗೆ ಟ್ರಕ್ಕಿನಲ್ಲಿ ಮೊಟ್ಟೆ ಲೆಕ್ಕ ಹಾಕುವಾಗ ನಮಗೆ ಅದು ಕಣ್ಣಿಗೆ ಕಾಣುತ್ತದೆ. ಫೈನಲ್‌ಗೆ ಎಷ್ಟು ತಂಡ ಅಂತ ಕೂಗಾಡುವ ಅರ್ಧ ಶಕ್ತಿಯನ್ನು ಈ ಶುಲ್ಕ ಹೇಗೆ ಇಳಿಸೋದು ಅನ್ನೋದಕ್ಕೆ ಹಾಕಿದರೆ ಇನ್ನೂ ಎಷ್ಟೋ ಮಕ್ಕಳು ಪ್ರಿಲಿಮ್ಸ್‌ಗಾದರೂ ಬಂದಾರು.

ಶುಕ್ರವಾರ ರಾತ್ರಿಯನ್ನೂ ಇನ್ನಷ್ಟು ದೊಡ್ಡದು ಮಾಡಿ. 13ರಿಂದ 25ರ ತನಕದ ತಂಡಗಳಿಗೆ ಅದೇ ಕೊನೆಯ ಪ್ರದರ್ಶನ. ವಯಸ್ಸು ಮುಗಿದು ಹೋಗುವ ಮಕ್ಕಳನ್ನು ತಂಡ ತಂಡವಾಗಿ ಮೈದಾನದ ಮಧ್ಯೆ ಕರೆದು, ಜನ ಎದ್ದು ನಿಂತು ಚಪ್ಪಾಳೆ ತಟ್ಟುವಷ್ಟು ಸಮಯ ಕೊಡಿ. ಅಂಕ ಮೊಬೈಲಿನಲ್ಲಿ ನೋಡಿಕೊಂಡು ಪಾರ್ಕಿಂಗ್ ಜಾಗದಲ್ಲಿ ಸುಮ್ಮನೆ ಟ್ರಕ್ ತುಂಬಿ ಹೊರಡುವ ಹಾಗೆ ಆಗಬಾರದು. ಇದಕ್ಕೆ ಫೈನಲ್ ಅಗಲ ಮಾಡಬೇಕಾಗಿಲ್ಲ. ಅರ್ಧ ಗಂಟೆ ಸಾಕು. ಟೈ ಆದರೆ ಮಾತ್ರ ಕೈ ಬಿಚ್ಚಿ. 12ನೇ ಸ್ಥಾನಕ್ಕೆ ಇಬ್ಬರು ಒಂದೇ ಅಂಕ ಪಡೆದರೆ ಇಬ್ಬರೂ ಶನಿವಾರ ಆಡಲಿ, ಯಾವುದೋ ಒಂದು ವಿಭಾಗದ ಅಂಕ ನೋಡಿ ಒಬ್ಬರನ್ನು ತೆಗೆಯುವುದು ಬೇಡ. ಆ ರಾತ್ರಿ 13 ತಂಡ ಆದರೆ ಆಗಲಿ, ಅವರು ಅದನ್ನು ಮೈದಾನದಲ್ಲೇ ಗಳಿಸಿದ್ದಾರೆ.

ಕೊನೆಯದಾಗಿ ಆ 25 ತಂಡದ ಪತ್ರ ಬರೆದವರಿಗೆ ಒಂದು ವಿನಂತಿ. ಬರುವ ಆಗಸ್ಟ್‌ನಲ್ಲಿ ಶನಿವಾರದ ಬದಲು ಶುಕ್ರವಾರದ ಸೆಮಿಫೈನಲ್ ನೋಡಿ. ಆನ್‌ಲೈನಿನಲ್ಲಿ ನೇರ ಪ್ರಸಾರ ಸಿಗುತ್ತದೆ, ದುಡ್ಡು ಕೊಡಬೇಕು ಅಷ್ಟೇ. ಮೊದಲ ಮೂರು ತಂಡ ಬಿಡಿ, ಅವರು ಹೇಗೂ ಬರುತ್ತಾರೆ. 10ರಿಂದ 15ರ ತನಕದ ತಂಡಗಳನ್ನು ನೋಡಿ. ಹಿಂದಿನ ರಾತ್ರಿಯ ಅಂಕ ಕೈಯಲ್ಲಿ ಇಟ್ಟುಕೊಂಡು ನೋಡಿ. ಕೊನೆಯ ಎರಡು ನಿಮಿಷದಲ್ಲಿ ಆ ಮಕ್ಕಳು ನುಡಿಸುವ ರೀತಿ ನೋಡಿದ ಮೇಲೂ ಆ ಗೆರೆ ಬೇಡ ಅಂತ ನಿಮಗೆ ಅನ್ನಿಸಿದರೆ ಇದೇ ಪುಟದಲ್ಲಿ ಬರೆಯಿರಿ, ನಾನು ಓದುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಒಬ್ಬ ಓದುಗ,
ಇಂಡಿಯಾನಾ, ಅಮೆರಿಕ